ಅಂಗಳದ ಹಕ್ಕಿಗೆ ನೀರಿಡುವ ಕ್ರಮ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಹಕ್ಕಿಗಳಿಗೆಂದು ಮನೆಯ ಮುಂದೆ ನೀರಿಡುವ ಒಳ್ಳೆಯ ರೂಢಿ ಈಚೆಗೆ ನಮ್ಮ ಮಲೆನಾಡಿನ ಊರುಗಳಲ್ಲಿಯೂ ಬೆಳೆದಿದೆ. ಆದರೆ ಯುಗಾದಿಯ ಹೊತ್ತಿಗೆ ಅದೇ ಮನೆಗಳಿಗೆ ಹೋಗಿ ನೋಡಿದರೆ ಮಾವಿನ ಕೊಂಬೆಗೆ ಕಟ್ಟಿದ ಪ್ಲಾಸ್ಟಿಕ್ ಡಬ್ಬದಲ್ಲಿ ನೀರು ಹಸಿರುಗಟ್ಟಿರುತ್ತದೆ, ಸೊಳ್ಳೆಯ ಮರಿಗಳು ಅದರಲ್ಲಿ ಮೇಲೆ ಕೆಳಗೆ ಆಡುತ್ತಿರುತ್ತವೆ, ಮನೆಯವರು "ನಮ್ಮಲ್ಲಿ ಒಂದು ಹಕ್ಕಿಯೂ ಬರುವುದಿಲ್ಲ" ಎಂದು ಬೇಸರಪಟ್ಟುಕೊಳ್ಳುತ್ತಾರೆ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಸೊಪ್ಪಿನ ಬೆಟ್ಟ ಇರುವ ಮನೆಯ ಹಿತ್ತಲಿಗೆ ಹಕ್ಕಿ ಬಾರದೆ ಇರಲು ಸಾಧ್ಯವೇ ಇಲ್ಲ. ವರ್ಷವಿಡೀ ಗಮನವಿಟ್ಟರೆ 40 ಬಗೆಯ ಹಕ್ಕಿಗಳನ್ನು ಜಗಲಿಯಲ್ಲಿ ಕುಳಿತೇ ಎಣಿಸಬಹುದು. ಅವು ಆ ಡಬ್ಬಕ್ಕೆ ಬರುವುದಿಲ್ಲ, ಅಷ್ಟೆ. ಹಕ್ಕಿಯ ಕಣ್ಣಿಗೆ ಅದು ಇಳಿಯಲಾಗದ ಬಾವಿಯಂತೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ, ಸರಿಯಾಗಿ ಹೇಗೆ ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ಪಾತ್ರೆ

ಪಾತ್ರೆ ಅಗಲವಾಗಿರಬೇಕು, ಆಳವಾಗಿರಬಾರದು. ಕುಂಬಾರರಲ್ಲಿ ಸಿಗುವ ಒಂದೂವರೆ ಅಡಿ ಅಗಲದ ಮಣ್ಣಿನ ತಟ್ಟೆ ಎಲ್ಲಕ್ಕಿಂತ ಉತ್ತಮ. ಅಂಚಿನಲ್ಲಿ 2 ಸೆಂಟಿಮೀಟರ್, ನಡುವೆ ಹೆಚ್ಚೆಂದರೆ 5 ಸೆಂಟಿಮೀಟರ್ ನೀರು ನಿಂತರೆ ಸಾಕು. ಪಿಕಳಾರವೊಂದು ಸ್ನಾನ ಮಾಡುವುದನ್ನು ಹತ್ತಿರದಿಂದ ಕಂಡವರಿಗೆ ಈ ಅಳತೆಯ ಅರ್ಥ ತಾನಾಗಿಯೇ ತಿಳಿಯುತ್ತದೆ: ಅದು ಮೊದಲು ಅಂಚಿನಲ್ಲಿ ಕೂರುತ್ತದೆ, ಒಂದು ಕಾಲನ್ನು ನೀರಿಗಿಟ್ಟು ತಳ ಸಿಗುತ್ತದೆಯೇ ಎಂದು ನೋಡುತ್ತದೆ, ತಳ ಸಿಕ್ಕಿದ ಮೇಲೆಯೇ ಹೊಟ್ಟೆಯನ್ನು ನೀರಿಗೆ ಒತ್ತಿ ರೆಕ್ಕೆ ಬಡಿಯುತ್ತದೆ. ತಳ ಸಿಗದಿದ್ದರೆ ಎರಡು ಗುಟುಕು ಕುಡಿದು ಹೊರಟುಹೋಗುತ್ತದೆ.

ಒಳಮೈ ಒರಟಾಗಿರಬೇಕು. ಪಿಂಗಾಣಿ ಮತ್ತು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಹಕ್ಕಿಯ ಕಾಲು ಜಾರುತ್ತದೆ. ಸ್ಟೀಲಿನ ಪಾತ್ರೆ ಮಾರ್ಚ್ ತಿಂಗಳ ಬಿಸಿಲಿಗೆ ಕೈ ಮುಟ್ಟಲಾಗದಷ್ಟು ಕಾಯುತ್ತದೆ. ದೋಸೆ ಹೊಯ್ದು ಹಳತಾದ ಮಣ್ಣಿನ ಓಡನ್ನು ಕೆಲವರು ಇದಕ್ಕೆ ಇಡುತ್ತಾರೆ. ಅದರ ಆಕಾರ ಸೊಗಸಾಗಿಯೇ ಇದೆ, ಆದರೆ ಅದರಲ್ಲಿ ಇಂಗಿದ ಎಣ್ಣೆ ನೀರಿನ ಮೇಲೆ ತೇಲಿ ಗರಿಗಳಿಗೆ ಅಂಟಿಕೊಂಡರೆ ಹಕ್ಕಿ ಎಷ್ಟು ಕೊಕ್ಕಾಡಿಸಿದರೂ ಹೋಗುವುದಿಲ್ಲ. ಆದ್ದರಿಂದ ಎಣ್ಣೆ ಕಂಡ ಪಾತ್ರೆ ಬೇಡ. ಅಂಗಡಿಗಳಲ್ಲಿ ಮಾರುವ, ಬಣ್ಣ ಬಳಿದು ಸರಪಳಿ ಕಟ್ಟಿದ ತೂಗುಬಟ್ಟಲುಗಳೂ ಬೇಡವೇ ಬೇಡ. ಹಕ್ಕಿ ಕೂತೊಡನೆ ಓಲಾಡುವ ಬಟ್ಟಲಿನಲ್ಲಿ ಯಾವ ಹಕ್ಕಿಯೂ ನೆಮ್ಮದಿಯಾಗಿ ಮೀಯುವುದಿಲ್ಲ.

ತಟ್ಟೆಯ ಒಂದು ಬದಿಗೆ ಹೊಳೆಯ ನುಣುಪು ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ, ಒಂದು ಚಪ್ಪಟೆ ಕಲ್ಲು ನೀರಿನಿಂದ ಮೇಲೆ ಕಾಣುವಂತಿರಲಿ. ಇದನ್ನು ಅಲಂಕಾರವೆಂದು ತಿಳಿದು ಬಿಟ್ಟುಬಿಡುವವರೇ ಹೆಚ್ಚು. ಬೇಸಿಗೆಯಲ್ಲಿ ತುಡುವೆ ಜೇನು ಗೂಡನ್ನು ತಂಪಾಗಿಡಲು ನೀರು ಹೊರುತ್ತದೆ. ಕಾಲೂರುವುದಕ್ಕೆ ಕಲ್ಲಿಲ್ಲದ ತಟ್ಟೆಯಲ್ಲಿ ಸಂಜೆಯ ಹೊತ್ತಿಗೆ ಹತ್ತಾರು ಜೇನುನೊಣಗಳು ಮುಳುಗಿ ಸತ್ತಿರುತ್ತವೆ.

ಎಲ್ಲಿ ಇಡಬೇಕು

ಎಲ್ಲರೂ ತಪ್ಪುವುದು ಇಲ್ಲಿಯೇ. ತಟ್ಟೆಯನ್ನು ತಂದ ದಿನವೇ ಇಡಬೇಡಿ. ಎರಡು ದಿನ, ಬೆಳಿಗ್ಗೆ ಮತ್ತು ಸಂಜೆ, ಹಕ್ಕಿಗಳು ನಿಮ್ಮ ಹಿತ್ತಲಿನಲ್ಲಿ ಈಗಾಗಲೇ ಎಲ್ಲಿ ಇಳಿಯುತ್ತವೆ ಎಂಬುದನ್ನು ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಆ ಜಾಗ ಹೆಚ್ಚಾಗಿ ಬಚ್ಚಲ ನೀರು ಹರಿದುಹೋಗುವ ಬಾಳೆಯ ಬುಡ. ಅಲ್ಲಿ ಕುಂಡೆಕುಸ್ಕ ಬಾಲ ಕುಣಿಸುತ್ತ ಓಡಾಡುತ್ತದೆ, ಮಡಿವಾಳ ಹಕ್ಕಿ ಎರೆಹುಳು ಹೆಕ್ಕುತ್ತದೆ, ಹರಟೆಮಲ್ಲಗಳ ಗುಂಪು ದರಕನ್ನು, ಅಂದರೆ ಉದುರಿದ ಒಣ ಎಲೆಗಳನ್ನು, ಕೆದಕಿ ಜಗಳವಾಡುತ್ತದೆ. ಸೋಪಿನ ನೀರಿನಿಂದ ಎಂಟು ಹತ್ತು ಅಡಿ ಈಚೆಗೆ, ಆದರೆ ಆ ಹಕ್ಕಿಗಳು ಬಂದುಹೋಗುವ ದಾರಿಯಲ್ಲಿಯೇ ತಟ್ಟೆ ಇಟ್ಟರೆ ಮೂರನೆಯ ದಿನಕ್ಕೆ ಅವು ಅದನ್ನು ಬಳಸಲು ಆರಂಭಿಸುತ್ತವೆ. ಮನೆಯ ಮುಂದಿನ ಅಂಗಳದಲ್ಲಿ, ಅಡಿಕೆ ಒಣಗಿಸುವ ಅಟ್ಟದ ಪಕ್ಕದಲ್ಲಿ, ಜನ ಓಡಾಡುವ ಕಡೆ ಇಟ್ಟರೆ ಅದು ಕಾಗೆಗೆ ಮತ್ತು ನಾಯಿಗೆ ಮಾತ್ರ ಒದಗುತ್ತದೆ.

ಪೊದೆಗೂ ತಟ್ಟೆಗೂ ಇರಬೇಕಾದ ಅಂತರವನ್ನು ಅಳೆದೇ ಇಡಬೇಕು. ಸ್ನಾನ ಮುಗಿಸಿದ ಹಕ್ಕಿಯ ಗರಿಗಳು ನೆನೆದು ಭಾರವಾಗಿರುತ್ತವೆ. ಆ ಒಂದೆರಡು ನಿಮಿಷ ಅದು ಚುರುಕಾಗಿ ಹಾರಲಾರದು. ಬೆಕ್ಕು ಹೊಂಚು ಹಾಕುವುದೂ ಆ ಗಳಿಗೆಗೆಂದೇ. ದಾಸವಾಳದ ಗಿಡಕ್ಕೆ ತಾಗಿಸಿ ತಟ್ಟೆ ಇಟ್ಟರೆ ಬೆಕ್ಕಿಗೆ ಅಡಗಲು ನಾವೇ ಜಾಗ ಮಾಡಿಕೊಟ್ಟಂತೆ ಆಗುತ್ತದೆ. ಬಟ್ಟಬಯಲಿನಲ್ಲಿ ಇಟ್ಟರೆ ಹದ್ದಿನ ಭಯಕ್ಕೆ ಸಣ್ಣ ಹಕ್ಕಿಗಳು ಇಳಿಯುವುದೇ ಇಲ್ಲ. ಆರರಿಂದ ಎಂಟು ಅಡಿ ದೂರ ಸರಿಯಾದ ಅಳತೆ ಎಂಬುದು ನನ್ನ ಅನುಭವ: ಬೆಕ್ಕಿನ ಒಂದು ನೆಗೆತಕ್ಕೆ ನಿಲುಕುವುದಿಲ್ಲ, ನೆನೆದ ಹಕ್ಕಿಗೆ ಒಂದೇ ಹಾರಿಕೆಯಲ್ಲಿ ಮರೆ ಸಿಗುತ್ತದೆ. ತಟ್ಟೆಯ ಸುತ್ತ ಮುಳ್ಳಿನ ನಿಂಬೆ ಕೊಂಬೆಗಳನ್ನು ಹರಡಿದರೆ ಇನ್ನೂ ಒಳ್ಳೆಯದು. ಬೆಕ್ಕಿನ ಹಾವಳಿ ಹೆಚ್ಚಿರುವ ಮನೆಯಲ್ಲಿ ಮೂರು ಅಡಿ ಎತ್ತರದ ಒಂಟಿ ಕಲ್ಲುಕಂಬದ ಮೇಲೆ ತಟ್ಟೆಯನ್ನು ಭದ್ರವಾಗಿ ಕೂರಿಸಿ. ನೆಲದಲ್ಲಿ ಇಳಿದು ಕುಡಿಯುವ ಚುಕ್ಕೆ ಬೆಳವಗಳು ಸ್ವಲ್ಪ ತಡವಾಗಿ ಒಗ್ಗಿಕೊಂಡರೂ ಒಗ್ಗಿಕೊಳ್ಳುತ್ತವೆ.

ಮಧ್ಯಾಹ್ನದ ಹೊತ್ತಿಗೆ ನೆರಳು ಬೀಳಬೇಕು, ಬೆಳಗಿನ ಎಳೆಬಿಸಿಲು ಬಿದ್ದರೆ ಅಡ್ಡಿಯಿಲ್ಲ. ಕಿಟಕಿಯ ಗಾಜು ಎದುರಿಗೆ ಹೊಳೆಯುವಂತಿದ್ದರೆ ಹಕ್ಕಿ ಅದನ್ನು ಆಕಾಶವೆಂದು ನಂಬಿ ಬಂದು ಬಡಿಯುತ್ತದೆ. ಗಾಜಿನ ಹೊರಗೆ ನಾಲ್ಕು ಬೆರಳಿಗೊಂದರಂತೆ ಬಿಳಿಯ ದಾರಗಳನ್ನು ಇಳಿಬಿಟ್ಟರೆ ಆ ಅಪಾಯ ತಪ್ಪುತ್ತದೆ.

ತಟ್ಟೆ ಕೂರಿಸಿದ ಮೇಲೆ ಅದರಿಂದ ನಾಲ್ಕೈದು ಅಡಿ ಮೇಲೆ, ಸ್ವಲ್ಪ ಬದಿಗೆ, ಹೆಬ್ಬೆರಳ ಗಾತ್ರದ ಒಣ ಕೊಂಬೆಯೊಂದನ್ನು ಅಡ್ಡವಾಗಿ ಕಟ್ಟಿ. ಎಲ್ಲ ಹಕ್ಕಿಗಳೂ ನೀರಿನಲ್ಲಿ ಕುಳಿತು ಮೀಯುವುದಿಲ್ಲ. ಕಾಜಾಣ ಮತ್ತು ರಾಜಹಕ್ಕಿಗಳು ಕೊಂಬೆಯಿಂದ ಧುಮುಕಿ, ನೀರಿಗೆ ಎದೆ ತಾಗಿಸಿ, ಮರಳಿ ಕೊಂಬೆಗೇ ಏರಿ ಗರಿ ಕೊಡವುತ್ತವೆ. ಉದ್ದನೆಯ ಬಿಳಿ ಬಾಲದ ಗಂಡು ರಾಜಹಕ್ಕಿ ಹೀಗೆ ಏಳೆಂಟು ಸಲ ಧುಮುಕುವುದನ್ನು ಒಮ್ಮೆ ನೋಡಿದವರು ಆ ಕೊಂಬೆಯನ್ನು ಮತ್ತೆ ಎಂದೂ ಬಿಚ್ಚುವುದಿಲ್ಲ. ತಟ್ಟೆ ಒಂದೂವರೆ ಅಡಿಯಾದರೂ ಅಗಲವಿರಬೇಕೆಂದು ಹೇಳಿದ್ದಕ್ಕೆ ಇದೂ ಒಂದು ಕಾರಣ. ಸೂರಕ್ಕಿ ಮತ್ತು ಬೆಳ್ಗಣ್ಣಗಳಿಗೆ ತಟ್ಟೆಗಿಂತ ಒದ್ದೆ ಎಲೆಯೇ ಇಷ್ಟ. ಬೆಳಿಗ್ಗೆ ಗಿಡಗಳಿಗೆ ನೀರು ಹಾಕುವಾಗ ದಾಸವಾಳದ ಎಲೆಗಳ ಮೇಲೂ ಚಿಮುಕಿಸಿದರೆ ಅವು ಎಲೆಯಿಂದ ಎಲೆಗೆ ಜಾರುತ್ತ ಮೈ ತೋಯಿಸಿಕೊಳ್ಳುತ್ತವೆ.

ತೊಟ್ಟಿಕ್ಕುವ ನೀರು

ನಿಂತ ನೀರಿಗಿಂತ ತೊಟ್ಟಿಕ್ಕುವ ನೀರಿಗೆ ಹಕ್ಕಿಗಳು ಬೇಗ ಬರುತ್ತವೆ, ಏಕೆಂದರೆ ನಿಂತ ನೀರನ್ನು ಮೇಲೆ ಹಾರುವಾಗ ಕಂಡರಷ್ಟೇ ಉಂಟು, ತೊಟ್ಟಿಕ್ಕುವ ನೀರಿನ ಸದ್ದು ಪೊದೆಯೊಳಗಿನ ಹಕ್ಕಿಗೂ ಮುಟ್ಟುತ್ತದೆ. ಇದಕ್ಕೆ ವಿದ್ಯುತ್ ಕಾರಂಜಿ ಬೇಕಿಲ್ಲ. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ಕ್ರಮವೇ ಸಾಕು.

ಮೂರು ಲೀಟರ್ ಹಿಡಿಯುವ ಮಣ್ಣಿನ ಗಡಿಗೆಯ ತಳದಲ್ಲಿ ದಬ್ಬಣದ ಗಾತ್ರದ ತೂತು ಮಾಡಬೇಕು. ಗಡಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಳಗೆ ಒದ್ದೆ ಮರಳು ತುಂಬಿ, ಬೋರಲು ಹಾಕಿ, ಹಳೆಯ ಮೊಳೆಯ ತುದಿಯನ್ನು ಕೈಯಿಂದಲೇ ತಿರುಗಿಸುತ್ತ ಕೊರೆದರೆ ಒಡೆಯುವುದಿಲ್ಲ; ಸುತ್ತಿಗೆಯಿಂದ ಹೊಡೆದವರ ಗಡಿಗೆಗಳು ಹೋಳಾದುದನ್ನು ಹಲವು ಸಲ ಕಂಡಿದ್ದೇನೆ. ಬಳಿಕ ಹತ್ತಿ ಬಟ್ಟೆಯ ಬತ್ತಿಯನ್ನು ಒಳಗಿನಿಂದ ಹೊರಕ್ಕೆ ಎಳೆದು, ಒಳಗಡೆ ಗಂಟು ಹಾಕಿ, ಹೊರಗೆ ಒಂದು ಅಂಗುಲ ಬಿಡಿ. ಎರಡು ಸೆಕೆಂಡಿಗೆ ಒಂದು ಹನಿ ಬೀಳುವಷ್ಟು ಬತ್ತಿಯನ್ನು ಬಿಗಿಗೊಳಿಸಬೇಕು. ಆ ಲೆಕ್ಕದಲ್ಲಿ ಒಂದು ಲೀಟರ್ ನೀರು ಸುಮಾರು ಹನ್ನೊಂದು ಗಂಟೆ ಬರುತ್ತದೆ, ಬೆಳಿಗ್ಗೆ ಒಮ್ಮೆ ಗಡಿಗೆ ತುಂಬಿದರೆ ಮರುದಿನ ಬೆಳಗಿನವರೆಗೆ ನೋಡಬೇಕಾಗಿಲ್ಲ. ಬತ್ತಿ ಸಡಿಲವಾಗಿ ನೀರು ದಾರದಂತೆ ಇಳಿದರೆ ಸದ್ದೂ ಇರುವುದಿಲ್ಲ, ಮಧ್ಯಾಹ್ನಕ್ಕೆ ಗಡಿಗೆಯೂ ಬರಿದಾಗುತ್ತದೆ. ಒಂದು ವಾರವಾದ ಮೇಲೆ ಬತ್ತಿಗೆ ಪಾಚಿ ಹಿಡಿದು ಹನಿ ನಿಧಾನವಾಗುತ್ತದೆ. ಆಗ ಬತ್ತಿಯನ್ನೇ ಬದಲಿಸಿ, ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ. ಹನಿ ತಟ್ಟೆಯ ಆಳವಾದ ನಡುಭಾಗಕ್ಕೆ ಬೀಳುವಂತೆ ಮೂರು ಅಡಿ ಎತ್ತರದಲ್ಲಿ ಗಡಿಗೆಯನ್ನು ತೂಗುಹಾಕಿದರೆ ಟಪ್ ಟಪ್ ಎಂಬ ಸದ್ದು ಹಿತ್ತಲಿನ ಕೊನೆಯವರೆಗೂ ಕೇಳುತ್ತದೆ. ಗಡಿಗೆಯ ಬಾಯಿಗೆ ತೆಳ್ಳನೆಯ ಬಟ್ಟೆ ಕಟ್ಟುವುದನ್ನು ಮರೆತರೆ ಅದರೊಳಗೂ ಸೊಳ್ಳೆ ಮೊಟ್ಟೆಯಿಡುತ್ತದೆ.

ತೊಳೆಯುವುದು

ನೀರನ್ನು ದಿನವೂ ಚೆಲ್ಲಿ ಹೊಸದು ಹಾಕಬೇಕು, ಎರಡು ದಿನಕ್ಕೊಮ್ಮೆ ತಟ್ಟೆಯನ್ನು ಉಜ್ಜಬೇಕು. ಬರಿಯ ಚೆಲ್ಲುವುದರಿಂದ ಸೊಳ್ಳೆ ಹೋಗುವುದಿಲ್ಲ. ಡೆಂಗಿ ಹರಡುವ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ, ಅವು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ಮುಟ್ಟಿದಾಗ ಒಡೆಯುತ್ತವೆ. ತೆಂಗಿನ ನಾರಿನಿಂದ ಅಂಚನ್ನು ಬಲವಾಗಿ ಉಜ್ಜಿ. ಸೋಪು, ಬ್ಲೀಚಿಂಗ್ ಪುಡಿ, ಫಿನಾಯಿಲ್ ಯಾವುದೂ ಬೇಡ. ಎರಡು ತಟ್ಟೆಗಳಿದ್ದರೆ ಒಂದನ್ನು ಇಡೀ ದಿನ ಬಿಸಿಲಿಗೆ ಬೋರಲು ಹಾಕಿ ಇನ್ನೊಂದನ್ನು ಬಳಸಬಹುದು. ನಾನು ಹಾಗೆಯೇ ಮಾಡುತ್ತೇನೆ. ದಿನವೂ ಇಷ್ಟು ಮಾಡಲು ಆಗದವರು ದಯವಿಟ್ಟು ನೀರಿಡುವುದೇ ಬೇಡ, ಕೊಳೆತ ನೀರಿನಿಂದ ಹಕ್ಕಿಗಳಿಗೆ ರೋಗ ಅಂಟುತ್ತದೆ.

ಮನೆಯ ಸುತ್ತ ಇರುವ ತೆರೆದ ತೊಟ್ಟಿ, ಬಕೆಟ್, ಸಗಣಿ ಗುಂಡಿಗಳ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಕೊಟ್ಟಿಗೆಯ ಬಳಿ ಅರ್ಧ ತುಂಬಿದ ಬಕೆಟ್ಟಿನಲ್ಲಿ ಎರಡು ಅಳಿಲಿನ ಮರಿಗಳು ಮುಳುಗಿ ಸತ್ತಿದ್ದವು. ಒಳಗೋಡೆಯ ಮೇಲೆ ಅವು ಉಗುರಿನಿಂದ ಪರಚಿದ ಗೀರುಗಳು ಉಳಿದಿದ್ದವು. ಅಂದಿನಿಂದ ಪ್ರತಿ ತೊಟ್ಟಿಯಲ್ಲಿಯೂ ತಳದಿಂದ ಅಂಚಿನವರೆಗೆ ಒಂದು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಓರೆಯಾಗಿ ನಿಂತಿರುತ್ತದೆ. ಬಿದ್ದ ಪ್ರಾಣಿ ಅದನ್ನು ಹಿಡಿದು ಹತ್ತಿ ಬರುತ್ತದೆ.

ಊಟ ಹಾಕಬೇಕೆ

ಬೇಡ. ಬಿಸ್ಕತ್ತು, ಮಿಕ್ಸ್ಚರ್, ಉಪ್ಪು ಹಾಕಿದ ಅನ್ನ ಇವು ಹಕ್ಕಿಗಳ ಆಹಾರವಲ್ಲ. ಬಣ್ಣ ಬಣ್ಣದ ಕಾಳುಗಳ ಪೊಟ್ಟಣ ಮತ್ತು ಪ್ಲಾಸ್ಟಿಕ್ ಕೊಳವೆಯನ್ನು ಒಮ್ಮೆ ತರಿಸಿ ಇಟ್ಟು ನೋಡಿದೆ. ರಾತ್ರಿ ಇಲಿಗಳು ತಿಂದವು, ಹಕ್ಕಿಗಳು ಮುಟ್ಟಲಿಲ್ಲ. ಹಣ್ಣು ಸುರಿದರೆ ಮಂಗಗಳು ಮನೆಗೆ ಒಗ್ಗಿಕೊಳ್ಳುತ್ತವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವ ನಮ್ಮ ಸೀಮೆಯಲ್ಲಿ ಮಂಗಗಳನ್ನು ಅಂಗಳಕ್ಕೆ ಕರೆಯುವುದು ತೀರಾ ತಪ್ಪು. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಉಣಿಸಬೇಕೆಂಬ ಆಸೆ ಇದ್ದರೆ ಗಿಡ ನೆಡಿ. ಕೇಪಳ, ರಥಪುಷ್ಪ, ದಾಸವಾಳಗಳಿಗೆ ಸೂರಕ್ಕಿ ಬರುತ್ತದೆ. ಸಂಪಿಗೆಯ ಬೀಜ ಬಾಯಿ ಬಿಟ್ಟಾಗ ಪಿಕಳಾರ, ಕುಟ್ರು, ಹೊನ್ನಕ್ಕಿಗಳ ಸಂತೆಯೇ ನೆರೆಯುತ್ತದೆ. ಕರಿಬೇವಿನ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಸಿಕ್ಕರೆ ಚಿವುಟಿ ಹಾಕಬೇಡಿ, ಅದು ಚಿಟ್ಟೆಯಾಗುತ್ತದೆ. ಬೇಲಿಯಲ್ಲಿ ಈಶ್ವರಿ ಬಳ್ಳಿ ಇದ್ದರೆ ಅದನ್ನು ಸವರದೆ ಉಳಿಸಿಕೊಂಡವರ ಮನೆಗೆ ಕಪ್ಪು ಹಳದಿ ರೆಕ್ಕೆಯ, ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ತಾನಾಗಿಯೇ ಬರಬಹುದು. ಹಿತ್ತಲನ್ನು ದಿನವೂ ಗುಡಿಸಿ ದರಕನ್ನು ಸುಡುವ ಅಭ್ಯಾಸವನ್ನು ಒಂದು ಮೂಲೆಯಲ್ಲಾದರೂ ನಿಲ್ಲಿಸಿ. ನೆಲದ ಹಕ್ಕಿಗಳು ಹುಳು ಹುಡುಕುವುದೇ ಅದರಡಿಯಲ್ಲಿ. ಆ ಮೂಲೆ ಮಕ್ಕಳು ಆಡುವ ಜಾಗದಿಂದ ದೂರವಿರಲಿ.

ನೀರಿರುವಲ್ಲಿ ಕಪ್ಪೆ, ಕಪ್ಪೆ ಇರುವಲ್ಲಿ ಹಾವು ಬರುವುದು ಸಹಜ. ಹೆಚ್ಚಾಗಿ ಬರುವುದು ಕೇರೆ ಹಾವು, ಅದಕ್ಕೆ ವಿಷವಿಲ್ಲ, ಬಡಿಯಬಾರದು. ಆದರೂ ತಟ್ಟೆಯನ್ನು ಬರಿಗಾಲಿನಲ್ಲಿ ಓಡಾಡುವ ದಾರಿಯಿಂದ ದೂರವಿಡಿ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅತ್ತ ಹೋಗಬೇಡಿ.

ಕುಳಿತು ನೋಡುವುದು

ಬೇಸಿಗೆಯಲ್ಲಿ ಮಧ್ಯಾಹ್ನ ಮೂರೂವರೆಯಿಂದ ಕತ್ತಲಾಗುವವರೆಗೆ ನೀರಿನ ಬಳಿ ಹೆಚ್ಚು ಹಕ್ಕಿಗಳು ಸೇರುತ್ತವೆ. ತಟ್ಟೆಯಿಂದ ಇಪ್ಪತ್ತು ಅಡಿ ದೂರದಲ್ಲಿ, ದಿನವೂ ಒಂದೇ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಮೊದಲ ಹದಿನೈದು ನಿಮಿಷ ಏನೂ ಬರುವುದಿಲ್ಲ, ಹೆಚ್ಚಿನವರು ಹದಿನಾಲ್ಕನೆಯ ನಿಮಿಷಕ್ಕೆ ಎದ್ದುಹೋಗುತ್ತಾರೆ. ಹಕ್ಕಿ ಬಂದಾಗ ಬೆರಳು ಮಾಡಿ ತೋರಿಸಬೇಡಿ, ಮಕ್ಕಳಿಗೂ ಕೈಯೆತ್ತದೆ ಬಾಯಿಮಾತಿನಲ್ಲಿಯೇ ಹೇಳಲು ಕಲಿಸಿ: "ಕೊಂಬೆಯ ಎಡಗಡೆ, ಎಲೆಯ ಕೆಳಗೆ."

ನಮ್ಮ ಹಿತ್ತಲಿನಲ್ಲಿ ಪಿಕಳಾರಗಳು ಮೊದಲು ಬರುತ್ತವೆ, ಅವು ಮಿಂದರೆ ಉಳಿದವಕ್ಕೆ ಧೈರ್ಯ. ಮಡಿವಾಳ ಒಂಟಿಯಾಗಿ ಬಂದು ಬಾಲವನ್ನು ನೆಟ್ಟಗೆ ನಿಲ್ಲಿಸಿ ಉಳಿದವರನ್ನು ಅಟ್ಟುತ್ತದೆ. ಎಲ್ಲರೂ ಹೋಗಿ, ಬೆಳಕು ಕರಗಿ, ಇನ್ನು ಸಾಕೆಂದು ಏಳುವ ಹೊತ್ತಿಗೆ ನವರಂಗ ಬರುತ್ತದೆ. ಚಳಿಗಾಲ ಕಳೆಯಲು ಉತ್ತರದಿಂದ ಬರುವ ಈ ಹಕ್ಕಿ ಏಪ್ರಿಲ್‌ವರೆಗೆ ನಮ್ಮಲ್ಲಿರುತ್ತದೆ. ಮುಸ್ಸಂಜೆಗೆ ಪೊದೆಯೊಳಗಿಂದ ಎರಡೇ ಸ್ವರದ ಸಿಳ್ಳೆ ಕೇಳಿದರೆ ಅದೇ. ದರಕಿನ ಮೇಲೆ ಕುಪ್ಪಳಿಸುತ್ತ ಬಂದು, ತಟ್ಟೆಯ ಅಂಚಿಗೆ ಹಾರಿ, ಬಾಲದಡಿಯ ಕೆಂಪು ಕಾಣುವಂತೆ ಬಾಗಿ ನೀರು ಕುಡಿಯುವ ಅದನ್ನು ನೋಡಲು ಅಲುಗಾಡದೆ ಕೂರುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ದುರ್ಬೀನು ಕೊಳ್ಳುವುದಾದರೆ ಅದರ ಮೇಲೆ 8x40 ಅಥವಾ 8x42 ಎಂದು ಬರೆದಿರುವುದನ್ನೇ ಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು, ಎರಡನೆಯದು ಮುಂದಿನ ಮಸೂರದ ಅಗಲವನ್ನು ಮಿಲಿಮೀಟರ್‌ನಲ್ಲಿ ತಿಳಿಸುತ್ತದೆ. ಜಾತ್ರೆಯಲ್ಲಿಯೂ ಆನ್‌ಲೈನಿನಲ್ಲಿಯೂ ಅಗ್ಗಕ್ಕೆ ಸಿಗುವ, ಇಪ್ಪತ್ತು ಮೂವತ್ತು ಪಟ್ಟು ಎಂದು ಬರೆದ ದುರ್ಬೀನುಗಳಲ್ಲಿ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚಿ ಹಕ್ಕಿಯೇ ಸಿಗುವುದಿಲ್ಲ. ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಉಪಯುಕ್ತವಾದರೂ ಕಣ್ಣಿನಿಂದ ಕಂಡ ಮೇಲೆಯೇ ಬರೆದುಕೊಳ್ಳಿ. ಭೀಮರಾಜ ಎಂಬ ಹಕ್ಕಿ ಹತ್ತಾರು ಹಕ್ಕಿಗಳ ದನಿಯನ್ನು ಅನುಕರಿಸುವುದರಿಂದ ಆ್ಯಪ್ ಏಮಾರುತ್ತದೆ. ಧ್ವನಿಮುದ್ರಣ ನುಡಿಸಿ ಹಕ್ಕಿಯನ್ನು ಹತ್ತಿರ ಕರೆಯುವುದು ಸರಿಯಲ್ಲ, ಗೂಡು ಕಟ್ಟುವ ಕಾಲದಲ್ಲಿ ಎದುರಾಳಿ ಬಂದಿತೆಂದು ಅದು ಮರಿಗಳನ್ನು ಬಿಟ್ಟು ಹುಡುಕಾಡುತ್ತದೆ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಹೊತ್ತು, ಹಕ್ಕಿ, ಅದು ಮಾಡಿದ್ದು, ಇಷ್ಟೇ ಸಾಕು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ, ಭಾರತವೂ 2013ರಿಂದ ಸೇರಿಕೊಂಡಿರುವ ಹಿತ್ತಲ ಹಕ್ಕಿ ಎಣಿಕೆಯಲ್ಲಿ ಹದಿನೈದು ನಿಮಿಷದ ಪಟ್ಟಿಯನ್ನು ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಬಹುದು.

ಮೇ ತಿಂಗಳಿನಲ್ಲಿ ಮರಿ ನೆಲದ ಮೇಲೆ ಸಿಕ್ಕಿತೆಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹಾಲು ಕುಡಿಸುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಮೈತುಂಬ ಗರಿಯಿದ್ದು ಬಾಲ ಮೊಂಡಾಗಿರುವ ಮರಿ ಹಾರಲು ಕಲಿಯುತ್ತಿರುವ ಮರಿ. ಅದನ್ನು ಹತ್ತಿರದ ಪೊದೆಯಲ್ಲಿಟ್ಟು ದೂರ ಸರಿದರೆ ತಾಯಿ ಬಂದು ಗುಟುಕು ಕೊಡುತ್ತದೆ. ಗರಿ ಬಾರದ ಮರಿಯಾದರೆ ಗೂಡಿಗೇ ಮರಳಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಮೊಟ್ಟೆ ತೆಗೆಯುವುದು, ಗೂಡು ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನು ಮಕ್ಕಳಿಗೂ ತಿಳಿಸಿ.

ಮೃಗಶಿರ ಮಳೆ ಹಿಡಿದ ಮೇಲೆ ತಟ್ಟೆಯ ಅಗತ್ಯವಿಲ್ಲ. ಗಡಿಗೆ ಮತ್ತು ತಟ್ಟೆಯನ್ನು ಉಜ್ಜಿ, ಒಣಗಿಸಿ, ಸೌದೆ ಕೊಟ್ಟಿಗೆಯಲ್ಲಿ ಬೋರಲು ಹಾಕಿ. ದೀಪಾವಳಿ ಕಳೆದ ಮೇಲೆ ಅದೇ ಕಲ್ಲಿನ ಮೇಲೆ ಅದೇ ದಿಕ್ಕಿಗೆ ಮತ್ತೆ ಇಡಿ. ಅಡ್ಡಕೊಂಬೆಯನ್ನು ಮಾತ್ರ ಬಿಚ್ಚಬೇಡಿ. ಮಳೆ ಹೊಳವಾದಾಗಲೆಲ್ಲ ಮಡಿವಾಳ ಅಲ್ಲಿಗೇ ಬಂದು ಕುಳಿತು ಹಾಡುತ್ತದೆ.